ತೊಟ್ಟಿ ಸರಿಸಿದ ಬೇಸಿಗೆ

ಹೋದ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂಕಾಲರ ಹೊತ್ತಿಗೆ, ಆವರಗೆರೆಯಲ್ಲಿ ನಮ್ಮ ಮನೆ ಎದುರಿನ ಖಾಲಿ ಸೈಟಿನಲ್ಲಿ ಕಲಾಯಿಯವನೊಬ್ಬ ತಿದಿ ಹೂಡಿ ಕೂತಿದ್ದ. ಅಮ್ಮ ಕೊಟ್ಟ ತಾಮ್ರದ ತಪ್ಪಲೆಯನ್ನು ಕೆಂಡದ ಮೇಲೆ ತಿರುಗಿಸಿ, ತವರ ಬಳಿದು, ಇಕ್ಕಳದಲ್ಲಿ ಎತ್ತಿ ಪಕ್ಕದ ಬಕೆಟ್ಟಿಗೆ ಅದ್ದಿದ. ಚುಂಯ್ ಎಂದು ಆವಿ ಎದ್ದಿತು. ಕಾದ ತಾಮ್ರ ನೀರಿಗೆ ಬಿದ್ದಾಗ ಒಂದು ವಾಸನೆ ಬರುತ್ತದೆ, ಬೀಗದ ಕೈಯನ್ನು ಹಲ್ಲಲ್ಲಿ ಕಚ್ಚಿ ಹಿಡಿದ ಹಾಗೆ. ಬೇರೆಯವರಿಗೆ ಅದರಿಂದ ಅಜ್ಜಿಯ ಮನೆಯ ಬಚ್ಚಲು ನೆನಪಾಗಬಹುದು. ನನಗೆ ಸಿಟ್ಟು ಬಂತು. ಎರಡು ವರ್ಷದಲ್ಲಿ ಆರಿಹೋಗಿದೆ ಅಂದುಕೊಂಡಿದ್ದ ಸಿಟ್ಟು.

ಒಳಗೆ ಹೋಗಿ ಆ ವರ್ಷದ ಡೈರಿ ತೆಗೆದೆ. ಹೈಸ್ಕೂಲಿನಿಂದಲೂ ನಾನು ದಿನಚರಿ ಬರೆಯುವವಳು. ಎದ್ದದ್ದು ಎಷ್ಟಕ್ಕೆ, ಬಸ್ಸು ಬಂದದ್ದು ಎಷ್ಟಕ್ಕೆ, ಆ ದಿನದ ಬಿಸಿಲು, ಕೆಲಸದ ಲೆಕ್ಕ. ನಾಲ್ಕು ನಿಂತ ಗೀಟು, ಅಡ್ಡಕ್ಕೊಂದು ಗೀಟು, ಅಲ್ಲಿಗೆ ಐದು. "ಇನ್ನೇನು, ಪಂಚಾಂಗ ಒಂದು ಬರಿ," ಎಂದು ಅಮ್ಮ ಹಂಗಿಸುತ್ತಾಳೆ. ಮಾರ್ಚ್ ನಾಲ್ಕರಿಂದ ಜೂನ್ ಮೊದಲ ವಾರದವರೆಗಿನ ಪುಟಗಳನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಓದಿದೆ. ಎಲ್ಲವೂ ಬರೆದಿತ್ತು. ಬರೆದಿಟ್ಟೂ ನಾನು ಮಾಡಿದ್ದೇನು ಎಂಬುದೂ ಬರೆದಿತ್ತು.

ಮಾರ್ಚ್ ನಾಲ್ಕು, ಸೋಮವಾರ. ಡಿಪ್ಲೊಮಾ ಮುಗಿಸಿ ಹರಿಹರದ ಒಂದು ಸಣ್ಣ ಕಾರ್ಖಾನೆಗೆ ಗುಣಮಟ್ಟ ನೋಡುವ ಟ್ರೇನಿಯಾಗಿ ಸೇರಿದ ದಿನ. ದಾವಣಗೆರೆಯಿಂದ ಏಳೂಮುಕ್ಕಾಲರ ಬಸ್ಸು, ಎಂಟೂವರೆಗೆ ಗೇಟಿನ ಒಳಗೆ. ತಗಡಿನ ಚಾವಣಿ, ಎರಡು ವಿದ್ಯುತ್ ಕುಲುಮೆ, ಒಂದು ನೀರಿನ ತೊಟ್ಟಿ, ಗಡಸುತನ ಅಳೆಯುವ ಒಂದು ಯಂತ್ರ, ಹದಿನಾಲ್ಕು ಜನ. ಮಾಲೀಕರು ವೀರಭದ್ರಪ್ಪನವರು. ಅವರ ಮನೆತನದವರು ಮೂರು ತಲೆಮಾರು ದಾವಣಗೆರೆಯಲ್ಲಿ ಭತ್ತದ ವ್ಯಾಪಾರ ಮಾಡಿದವರು. ಇವರು ಕಬ್ಬಿಣ-ತಾಮ್ರಕ್ಕೆ ಬಂದಿದ್ದರು. ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಮೆತ್ತಗಿನ ಮಾತು. ಪ್ರತಿ ಸೋಮವಾರ ಕುಲುಮೆಯ ಬಾಗಿಲಿಗೆ ಅವರೇ ಊದಿನಕಡ್ಡಿ ಬೆಳಗುತ್ತಿದ್ದರು. ಇದನ್ನು ಸುಮ್ಮನೆ ಬರೆಯುತ್ತಿಲ್ಲ.

ನಾವು ಮಾಡುತ್ತಿದ್ದದ್ದು ತಾಮ್ರದ ಟಿಪ್‌ಗಳು. ತಗಡಿಗೆ ತಗಡು ಬೆಸೆಯುವ ಸ್ಪಾಟ್ ವೆಲ್ಡಿಂಗ್ ಯಂತ್ರದ ಮೂತಿಗೆ ಹಾಕುವಂಥವು. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆಯ ಹಾಗಿರುತ್ತವೆ, ಒಳಗೆ ಪೊಳ್ಳು. ಬರೀ ತಾಮ್ರವಾದರೆ ಕರೆಂಟು ಚೆನ್ನಾಗಿ ಹರಿಯುತ್ತದೆ, ಆದರೆ ಒತ್ತಡಕ್ಕೆ ಜಜ್ಜಿಹೋಗುತ್ತದೆ. ಅದಕ್ಕೆ ಚಿಟಿಕೆಯಷ್ಟು ಕ್ರೋಮಿಯಂ ಬೆರೆತಿರುತ್ತದೆ. ಆದರೆ ಬೆರೆತ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಸಾವಿರ ಡಿಗ್ರಿಗೆ ಕಾಯಿಸಿದರೆ ಬಿಸಿನೀರಲ್ಲಿ ಸಕ್ಕರೆ ಕರಗಿದ ಹಾಗೆ ಕ್ರೋಮಿಯಂ ತಾಮ್ರದೊಳಗೆ ಕರಗುತ್ತದೆ. ಕರಗಿದ್ದು ಕರಗಿದ ಹಾಗೇ ಇರಬೇಕಾದರೆ ತಕ್ಷಣ ನೀರಿಗೆ ಬೀಳಬೇಕು. ಆಮೇಲೆ ನಾನೂರೈವತ್ತು ಡಿಗ್ರಿ ಆಸುಪಾಸಿನಲ್ಲಿ ಮೂರು ಗಂಟೆ ಇಟ್ಟರೆ ಕ್ರೋಮಿಯಂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹೊರಬಂದು ತಾಮ್ರವನ್ನು ಬಿಗಿ ಮಾಡುತ್ತದೆ. ಅಲ್ಲಿ ಎಲ್ಲರೂ ಇದನ್ನು "ಎರಡನೇ ಬಿಸಿ" ಎನ್ನುತ್ತಿದ್ದರು. ಮೊದಲ ಬಿಸಿಯಿಂದ ನೀರಿಗೆ ಹೋಗುವ ದಾರಿಯಲ್ಲಿ ತಡವಾದರೆ, ಪಾಕವನ್ನು ನಿಧಾನಕ್ಕೆ ಆರಲು ಬಿಟ್ಟಾಗ ಕಲ್ಲುಸಕ್ಕರೆ ಕಟ್ಟುತ್ತದಲ್ಲ, ಹಾಗೆ ಕ್ರೋಮಿಯಂ ಮೊದಲೇ ದಪ್ಪ ದಪ್ಪ ಹರಳಾಗಿಬಿಡುತ್ತದೆ. ಎರಡನೇ ಬಿಸಿಗೆ ಏನೂ ಉಳಿದಿರುವುದಿಲ್ಲ. ಮೂರಲ್ಲ, ಮೂವತ್ತು ಗಂಟೆ ಇಟ್ಟರೂ ಅಷ್ಟೇ.

ಇಷ್ಟನ್ನು ನನಗೆ ಕಾಲೇಜು ಎರಡು ಸೆಮಿಸ್ಟರಿನಲ್ಲಿ ಕಲಿಸಿತ್ತು. ಹಾಲೇಶಪ್ಪ ಒಂದು ಬೆಳಿಗ್ಗೆಯಲ್ಲಿ ಕಲಿಸಿದರು.

ಹಾಲೇಶಪ್ಪ ಕುಲುಮೆಯವರು. ಐವತ್ತನಾಲ್ಕು ವರ್ಷ, ಭಾನುವಳ್ಳಿಯಿಂದ ದಿನಾ ಬಸ್ಸಲ್ಲಿ ಬರುತ್ತಿದ್ದರು. ಆ ಕುಲುಮೆಯ ಮುಂದೆ ಹದಿನೇಳು ವರ್ಷದಿಂದ ನಿಂತವರು. ಎಲ್ಲರಿಗೂ ಹಾಲೇಶಣ್ಣ, ನನಗೂ. ಕುಲುಮೆಯ ಬಾಗಿಲು ತೆಗೆದು, ಕೊಕ್ಕೆ ಹಾಕಿ, ಕೆಂಪಗೆ ಉರಿಯುವ ಜಾಲರಿ ಬುಟ್ಟಿಯನ್ನು ಎಳೆಯುವ ಕ್ಷಣದಿಂದ ಅವರ ತುಟಿ ಅಲ್ಲಾಡುತ್ತಿತ್ತು.

"ಏನಣ್ಣ ಹೇಳ್ಕೊಳ್ತೀರಿ?" ಎಂದು ಕೇಳಿದೆ.

"ಓಂ ನಮಃ ಶಿವಾಯ. ಮೂರು ಸಲ. ಮೂರನೇದು ಮುಗಿಯೋದರಾಗ ಬುಟ್ಟಿ ನೀರಾಗಿರಬೇಕು. ಮುಗೀತು ಅಂದ್ರ ಮಾಲು ಕೆಡ್ತು."

"ಗಡಿಯಾರ ನೋಡಬಹುದಲ್ಲ?"

"ಸಾವಿರ ಡಿಗ್ರಿ ಬುಟ್ಟಿ ಕೈಯಾಗ ಹಿಡಕೊಂಡು ಗಡಿಯಾರ ನೋಡ್ಲೇನವ್ವ? ಕಣ್ಣು ಬುಟ್ಟಿ ಮ್ಯಾಲಿರಬೇಕು, ಕಾಲು ನೆಲದ ಮ್ಯಾಲಿರಬೇಕು. ಬಾಯಿ ಒಂದು ಖಾಲಿ ಇರ್ತೈತಿ."

ನಾನು ಅದನ್ನೂ ಅಳೆದೆ. ಮಾರ್ಚ್ ಆರರಿಂದ ಹದಿನಾರರವರೆಗೆ ಮೊಬೈಲಿನಲ್ಲಿ ಇಪ್ಪತ್ತು ಬುಟ್ಟಿ. ಮೂರು ಸಲ ಹೇಳಲು ಅವರಿಗೆ ಹಿಡಿಯುತ್ತಿದ್ದದ್ದು ಐದು ಸೆಕೆಂಡು. ಅತಿ ಕಡಿಮೆ ನಾಲ್ಕೂಮುಕ್ಕಾಲು, ಅತಿ ಹೆಚ್ಚು ಐದೂಕಾಲು. ಕುಲುಮೆಯಿಂದ ತೊಟ್ಟಿಗೆ ಮೂರು ಹೆಜ್ಜೆ. ಇಪ್ಪತ್ತರಲ್ಲಿ ಇಪ್ಪತ್ತು ಬುಟ್ಟಿಯೂ ಮೂರನೆಯದು ಮುಗಿಯುವ ಮೊದಲೇ ನೀರಿನಲ್ಲಿತ್ತು.

ಪ್ರಶಾಂತ್ ಸರ್ ನನಗಿಂತ ಒಂದು ತಿಂಗಳು ಮೊದಲು ಮ್ಯಾನೇಜರ್ ಆಗಿ ಬಂದಿದ್ದರು. ಅದಕ್ಕೂ ಮೊದಲು ಹನ್ನೆರಡು ವರ್ಷ ಉಕ್ಕಿನ ಗೇರು ಮಾಡುವ ಕಡೆ ಇದ್ದವರು. ದಡ್ಡರಲ್ಲ. ಆದರೆ ಉಕ್ಕು ಗೊತ್ತಿದ್ದವರಿಗೆ ತಾಮ್ರವೂ ಗೊತ್ತು ಎಂದು ನಂಬಿದ್ದರು. ಉಕ್ಕನ್ನು ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ. ನಮ್ಮ ತಾಮ್ರ ನೀರಿಂದ ಬರುವಾಗ ಮೆತ್ತಗಿರುತ್ತದೆ, ಎರಡನೇ ಬಿಸಿಯಲ್ಲಿ ಗಟ್ಟಿಯಾಗುತ್ತದೆ. ಪೂರಾ ಉಲ್ಟಾ. ಮಾರ್ಚ್ ಹನ್ನೆರಡರಂದು ಅವರು ನೀರಿಂದ ಆಗಷ್ಟೇ ತೆಗೆದ ಟಿಪ್ ಒಂದನ್ನು ತಾವೇ ಯಂತ್ರಕ್ಕಿಟ್ಟು ಗಡಸುತನ ಬರೀ ಅರವತ್ತೆರಡು ಬಂತೆಂದು ಹೌಹಾರಿದರು. ನಮಗೆ ಬೇಕಿದ್ದದ್ದು ನೂರ ಮೂವತ್ತರ ಮೇಲೆ.

"ಇದೇನ್ರಿ ಹಾಲೇಶಪ್ಪ, ಬೆಣ್ಣೆ ಮಾಡಿಟ್ಟೀರಿ?"

"ಈಗ ಬೆಣ್ಣೇನೇ ಸರ್. ಸಂಜೀಕ ಬರ್ರಿ, ಕಲ್ಲಾಗಿರ್ತೈತಿ."

ಸಂಜೆ ನೂರ ನಲವತ್ತೊಂದು ಬಂತು. ಎಲ್ಲರೂ ನಕ್ಕರು. ಪ್ರಶಾಂತ್ ಸರ್ ಕೂಡ ನಕ್ಕರು, ಆದರೆ ಸ್ವಲ್ಪ ತಡವಾಗಿ. ಆ ತಡವನ್ನು ನಾನು ಆಗ ಗಮನಿಸಲಿಲ್ಲ. ಡೈರಿಯಲ್ಲಿ ಇಲ್ಲ.

ಮಾರ್ಚ್ ತಿಂಗಳಲ್ಲಿ ಐವತ್ತಮೂರು ಬುಟ್ಟಿ. ತಿರಸ್ಕೃತವಾದದ್ದು ಒಂದೂ ಇಲ್ಲ. ಬಿಸಿಲು ಮಾತ್ರ ದಿನೇ ದಿನೇ ಏರಿತು. ಹಳ್ಳದ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಬಂಡೆಗಳೇ ಕಾಣುತ್ತಿದ್ದವು. ತಗಡಿನ ಕೆಳಗೆ ಮಧ್ಯಾಹ್ನ ಎರಡರ ಹೊತ್ತಿಗೆ ನಲವತ್ತೆರಡು, ಕುಲುಮೆಯ ಬಾಗಿಲ ಎದುರು ಎಷ್ಟೋ. ಹಾಲೇಶಣ್ಣ ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು ನಿಲ್ಲುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಅದು ಒಣಗಿ ಹಪ್ಪಳವಾಗುತ್ತಿತ್ತು.

ಏಪ್ರಿಲ್ ಎಂಟರಂದು ಸುದ್ದಿ ಬಂತು. ನಮ್ಮ ಮಾಲು ಕೊಳ್ಳುವ ಪುಣೆ ಕಡೆಯ ಕಾರ್ಖಾನೆಯವರು ಹದಿನೆಂಟಕ್ಕೆ ಆಡಿಟ್‌ಗೆ ಬರುತ್ತಾರೆ. ಅಲ್ಲಿಂದ ಹತ್ತು ದಿನ ನಾವು ಕೆಲಸ ಮಾಡಿದ್ದು ಕಡಿಮೆ, ಬಣ್ಣ ಬಳಿದದ್ದು ಹೆಚ್ಚು. ನೆಲಕ್ಕೆ ಹಸಿರು, ನಡೆಯುವ ದಾರಿಗೆ ಹಳದಿ ಗೆರೆ, ಗೋಡೆಗೆ ಬೋರ್ಡು. 'ಓಡಬೇಡಿ' ಎಂಬ ಬೋರ್ಡು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಕುಲುಮೆಯ ಪಕ್ಕದ ತೊಟ್ಟಿಯಿಂದ ನೀರು ಚಿಮ್ಮಿ ಹೊಸ ಬಣ್ಣ ಹಾಳಾಗುತ್ತದೆ, ಆವಿ ಕಂಟ್ರೋಲ್ ಪ್ಯಾನೆಲ್ಲಿಗೆ ಹೊಡೆಯುತ್ತದೆ, ನೋಡಲು ಗಲೀಜು ಎಂದು ಪ್ರಶಾಂತ್ ಸರ್ ಶನಿವಾರ ಸಂಜೆ ವೆಲ್ಡರುಗಳನ್ನು ಕರೆಸಿ ತೊಟ್ಟಿಯನ್ನು ಎದುರು ಗೋಡೆಗೆ ಸರಿಸಿದರು. ನಡುವೆ ಹಳದಿ ಗೆರೆಯ ದಾರಿ, ಅದಕ್ಕೊಂದು ಸರಪಳಿ.

ಸೋಮವಾರ, ಏಪ್ರಿಲ್ ಹದಿನೈದು. ಹಾಲೇಶಣ್ಣ ಬಂದು ನೋಡಿದವರೇ ಹೆಜ್ಜೆ ಹಾಕಿ ಅಳೆದರು. ಹನ್ನೊಂದು.

"ಸರ್, ತೊಟ್ಟಿ ದೂರ ಆತು."

"ಎಂಟು ಹೆಜ್ಜೆ ಜಾಸ್ತಿ. ಎಂಟು ಹೆಜ್ಜೇಲಿ ಏನ್ ಆಗುತ್ರಿ? ನಾನು ಗೇರು ಹಿಡ್ಕೊಂಡು ಇಡೀ ಶೆಡ್ಡು ದಾಟಿದೀನಿ."

"ಅದು ಗಟ್ಟಿ ಉಕ್ಕು ಸರ್, ಸೇರುಗಟ್ಟಲೆ ತೂಕದ್ದು. ಇವು ಟೊಪ್ಪಿಗಿ. ಗಾಳಿ ತಾಕಿದ್ರ ಮುಖ ಬಾಡ್ತಾವು."

"ಹಂಗಾದ್ರೆ ಬೇಗ ನಡೀರಿ. ಓಡಬ್ಯಾಡ್ರಿ ಮತ್ತೆ, ಬೋರ್ಡ್ ಹಾಕೀನಿ."

ಹಾಲೇಶಣ್ಣ ಮೊದಲ ಬುಟ್ಟಿ ಎಳೆದರು. ಸರಪಳಿ ಸುತ್ತಿ, ಹಳದಿ ಗೆರೆ ದಾಟಿ, ಬುಟ್ಟಿಯನ್ನು ನೀರಿಗೆ ಇಳಿಸಿ, ಬೆವರೊರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಎಂಟು ಸಲ ಆತ್ರೀ ಸರ್."

"ಏನು ಎಂಟು ಸಲ?"

"ಮೂರು ಸಲ ಹೇಳೋದ್ರಾಗ ಬೀಳ್ತಿತ್ತು. ಈಗ ಎಂಟು ಆತು."

"ಸ್ವಲ್ಪ ಕಮ್ಮಿ ಹೇಳ್ರಿ ಹಾಗಾದ್ರೆ," ಎಂದರು ಪ್ರಶಾಂತ್ ಸರ್. ಸಿದ್ದೇಶ ಜೋರಾಗಿ ನಕ್ಕ. ಅವನು ಎರಡನೇ ಬಿಸಿಯ ಕುಲುಮೆ ನೋಡಿಕೊಳ್ಳುತ್ತಿದ್ದವನು, ಇಪ್ಪತ್ತೆಂಟರ ಹುಡುಗ. ನಾನೂ ನಕ್ಕೆ. ನಕ್ಕದ್ದನ್ನು ಬರೆದಿದ್ದೇನೆ. ನನ್ನ ಮೊಬೈಲಿನ ಲೆಕ್ಕ ಹದಿಮೂರೂವರೆ ಸೆಕೆಂಡು. ಅದನ್ನೂ ಬರೆದಿದ್ದೇನೆ. ಇಡೀ ಕಾರ್ಖಾನೆಯಲ್ಲಿ ಮೊದಲ ದಿನ, ಮೊದಲ ಬುಟ್ಟಿಗೇ ತಪ್ಪು ಏನೆಂದು ಹೇಳಿದ ಒಂದೇ ಒಂದು ಅಳತೆ ಆ ಮನುಷ್ಯನ ಬಾಯಲ್ಲಿತ್ತು. ಅದು ನಮಗೆಲ್ಲ ತಮಾಷೆಯಾಯಿತು.

ಹದಿನೆಂಟರಂದು ಆಡಿಟ್‌ನವರು ಬಂದರು, ಇಬ್ಬರು. ಹೊಳೆಯುವ ಬೂಟು, ಹೊಳೆಯುವ ನೆಲ. ಕುಲುಮೆ, ಹಳದಿ ದಾರಿ, ತೊಟ್ಟಿ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೋ ತೆಗೆದುಕೊಂಡರು. ಬಹಳ ಚೆನ್ನಾಗಿದೆ ಎಂದರು. ಆ ಫೋಟೋ ಫೈಲಿಗೆ ಹೋಯಿತು. ಅಲ್ಲಿಗೆ ತೊಟ್ಟಿ ಆ ಜಾಗಕ್ಕೇ ಅಂಟಿಕೊಂಡಿತು.

ಮಾಲು ಮೆತ್ತಗಾದದ್ದು ಆಗಲೇ ಯಾಕೆ ಸಿಕ್ಕಿಬೀಳಲಿಲ್ಲ ಎಂದು ಕೇಳಬಹುದು. ಉತ್ತರ ನಾನು. ಪ್ರತಿ ಬುಟ್ಟಿಯಿಂದ ಮೂರು ಟಿಪ್ ತೆಗೆದು ಅಳೆಯುವುದು ನನ್ನ ಕೆಲಸ. ಕೈಗೆ ಸುಲಭಕ್ಕೆ ಸಿಗುತ್ತವೆಂದು ನಡುವಿನವನ್ನೇ ತೆಗೆಯುತ್ತಿದ್ದೆ. ನಡುವಿನವು ಸುತ್ತಲಿನವುಗಳ ಬಿಸಿಗೆ ಬೆಚ್ಚಗಿರುತ್ತವೆ, ಹದಿಮೂರು ಸೆಕೆಂಡಿಗೂ ಅಷ್ಟಾಗಿ ಆರುವುದಿಲ್ಲ. ಅಂಚಿನವು ಆರುತ್ತವೆ. ನೂರ ಮೂವತ್ತೈದು, ನೂರ ಮೂವತ್ತೆಂಟು ಎಂದು ನಾನು ಬರೆಯುತ್ತಾ ಹೋದೆ, ಮಾಲು ಪುಣೆಗೆ ಹೋಗುತ್ತಾ ಹೋಯಿತು. "ಒಂದೆರಡು ಅಂಚಿನಾಗಿಂದ ತಗಿಯವ್ವ," ಎಂದು ಹಾಲೇಶಣ್ಣ ಏಪ್ರಿಲ್ ಇಪ್ಪತ್ತಮೂರರಂದು ಹೇಳಿದ್ದರು. ತಪಾಸಣೆಯ ಪುಸ್ತಕದಲ್ಲೂ ಮೇಲಿನ ನಡುವಿನ ಮೂರು ಎಂದೇ ಇದೆ ಎಂದೆ. ಪುಸ್ತಕ ಓದಿದ್ದರ ಜಂಬ.

ಮೇ ಒಂಬತ್ತಕ್ಕೆ ಪತ್ರ ಬಂತು, ಜೊತೆಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ನಮ್ಮ ಟಿಪ್‌ಗಳು, ಮೂತಿ ಜಜ್ಜಿ ಅಣಬೆಯ ಹಾಗೆ ಅರಳಿದ್ದವು. ಮುನ್ನೂರ ಹನ್ನೆರಡು. ಯಾಕೆ ಹೀಗಾಯಿತು, ಒಂದು ವಾರದೊಳಗೆ ಕಾರಣ ಬರೆದು ಕಳಿಸಿ ಎಂದಿದ್ದರು.

ಆ ವಾರ ನಾನು ಮಾಡಿದ ಕೆಲಸಕ್ಕೆ ಮಾತ್ರ ನನಗೆ ನಾಚಿಕೆಯಿಲ್ಲ. ಒಂದು ಇಡೀ ಬುಟ್ಟಿ, ನಲವತ್ತೆಂಟು ಟಿಪ್, ಒಂದೊಂದಕ್ಕೂ ಅದರ ಜಾಗದ ಗುರುತು ಹಾಕಿ ಅಳೆದೆ. ಅಂಚಿನ ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಮೆತ್ತಗೆ, ತೊಂಬತ್ತರ ಆಸುಪಾಸು. ನಡುವಿನ ಇಪ್ಪತ್ತಾರರಲ್ಲಿ ಎರಡು. ಇನ್ನೊಂದು ಬುಟ್ಟಿಗೆ, ಊಟದ ಬಿಡುವಿನಲ್ಲಿ, ಕುಲುಮೆಯ ಪಕ್ಕಕ್ಕೆ ಡ್ರಮ್ಮೊಂದನ್ನು ಉರುಳಿಸಿ ನೀರು ತುಂಬಿಸಿದೆವು. ಹಾಲೇಶಣ್ಣ ಹಳೆಯ ಹಾಗೆ ಮೂರು ಹೆಜ್ಜೆಗೆ ಇಳಿಸಿದರು. ನಲವತ್ತೆಂಟರಲ್ಲಿ ನಲವತ್ತೆಂಟು ಗಟ್ಟಿ. ಅದೇ ಮನುಷ್ಯ, ಅದೇ ಬಾಯಿ, ಅದೇ ಮಾತು, ಅದೇ ಕುಲುಮೆ. ಬೇರೆಯಾಗಿದ್ದದ್ದು ಎಂಟು ಹೆಜ್ಜೆ. ಒಂದೇ ಹಾಳೆಯಲ್ಲಿ ಎರಡೂ ಲೆಕ್ಕ ಬರೆದು ಮೇ ಹದಿನಾಲ್ಕಕ್ಕೆ ಪ್ರಶಾಂತ್ ಸರ್ ಮೇಜಿನ ಮೇಲಿಟ್ಟೆ.

ಮೇ ಹದಿನಾರು, ಗುರುವಾರ, ನಾಲ್ಕು ಗಂಟೆ. ಮಾಲೀಕರ ಕೋಣೆ. ಪ್ರಶಾಂತ್ ಸರ್ ವರದಿ ತಯಾರು ಮಾಡಿ ತಂದಿದ್ದರು, ಇಂಗ್ಲಿಷಿನಲ್ಲಿ. ಓದಿದೆ. ಕಾರಣ: ಕುಲುಮೆಯ ಕೆಲಸಗಾರ ಬುಟ್ಟಿ ತೆಗೆಯುವಾಗ ಪ್ರಾರ್ಥನೆ ಹೇಳುವ ಅಭ್ಯಾಸ ಇಟ್ಟುಕೊಂಡಿದ್ದು, ಅದರಿಂದ ನೀರಿಗಿಳಿಸುವುದು ತಡವಾಗಿದೆ. ಪರಿಹಾರ: ಕೆಲಸಗಾರನನ್ನು ಬದಲಿಸಲಾಗುವುದು. ತಯಾರಿಸಿದವರು: ನನ್ನ ಹೆಸರು.

"ಸರ್, ನನ್ನ ಹಾಳೆ?"

"ನೋಡಿದೆ ಚೈತ್ರಾ. ಒಳ್ಳೆ ಕೆಲಸ. ಆದ್ರೆ ತೊಟ್ಟಿ ಅಂತ ಬರೆದ್ರೆ, ಯಾಕ್ರಿ ಸರಿಸಿದ್ರಿ ಅಂತಾರೆ. ಫೋಟೋ ಅವರ ಹತ್ರ ಐತೆ. ಇಡೀ ಆಡಿಟ್ ಮತ್ತೆ ಮಾಡ್ತಾರೆ."

"ಆದ್ರೆ ಅವರು ಜಪದಿಂದ ತಡ ಮಾಡಿಲ್ಲ ಸರ್. ಅದರಿಂದನೇ ತಡ ಆಗಿದ್ದು ಗೊತ್ತಾಯ್ತು."

ನಾನು ಮಾಲೀಕರ ಮುಖ ನೋಡಿದೆ. ವಿಭೂತಿಯ ಮೂರು ಗೆರೆ. ಪಂಚಾಕ್ಷರಿ ಹೇಳಿದ್ದು ತಪ್ಪೆಂದು ಬರೆದ ಕಾಗದಕ್ಕೆ ಈ ಮನುಷ್ಯ ಒಪ್ಪಲಾರರು ಎಂದು ನನಗೆ ಭರವಸೆಯಿತ್ತು. ಅವರು ಕನ್ನಡಕ ತೆಗೆದು ಒರೆಸಿದರು.

"ಕಾಗದಕ್ಕೆ ಒಬ್ಬರ ಹೆಸರು ಬೇಕಲ್ಲವ್ವ. ಹಾಲೇಶಪ್ಪ ನಮ್ಮ ಮನಿಯವನು ಇದ್ದಂಗೆ. ಅವನಿಗೇನು ಮಾಡಲ್ಲ ನಾನು. ಪ್ಯಾಕಿಂಗಿಗೆ ಹಾಕ್ತೀವಿ, ನೆಳ್ಳಾಗ ಇರ್ತಾನೆ. ಬಿಸಿಲಾಗ ಅವನಿಗೂ ಸಾಕಾಗೈತೆ."

ಮನೆಯವನಿದ್ದ ಹಾಗೆ. ಈ ಮಾತು ಕೇಳಿದಾಗಲೆಲ್ಲ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಹೊರಗಿನವರ ತಪ್ಪಾದರೆ ಪುರಾವೆ ಕೇಳುತ್ತಾರೆ. ಮನೆಯವನಿದ್ದ ಹಾಗೆ ಇರುವವನ ತಲೆಗೆ ಕಟ್ಟಲು ಏನೂ ಬೇಡ, ಅವನು ಎದುರು ಮಾತಾಡುವುದಿಲ್ಲ ಎಂಬ ಧೈರ್ಯ ಸಾಕು.

ನಾನು ರುಜು ಹಾಕಿದೆ. ಯಾರೂ ಕೈ ತಿರುಚಲಿಲ್ಲ, ಕೆಲಸ ಹೋಗುತ್ತದೆ ಎಂದು ಹೆದರಿಸಲಿಲ್ಲ. ಡೈರಿಯಲ್ಲಿ ಕಾರಣ ಬರೆದಿಟ್ಟಿದ್ದೇನೆ, ಅದನ್ನು ಅಳಿಸಿಲ್ಲ: 'ಗಂಟೆ 4.40. ಐದು ಗಂಟೆ ಐದು ನಿಮಿಷಕ್ಕೆ ಬಸ್ಸು. ಮಾತು ಮುಗಿಯುವ ಹಾಗೆ ಕಾಣಲಿಲ್ಲ.' ಒಬ್ಬ ಮನುಷ್ಯನ ಹದಿನೇಳು ವರ್ಷವನ್ನು ನಾನು ಬಸ್ಸಿಗೆ ತಡವಾಗುತ್ತದೆಂದು ಬರೆದುಕೊಟ್ಟೆ. ಸಿಟ್ಟು ಪ್ರಶಾಂತ್ ಸರ್ ಮೇಲೆ ಎಷ್ಟಿದೆಯೋ ಅದಕ್ಕಿಂತ ಒಂದು ಗೀಟು ಹೆಚ್ಚು ಆ ಸಾಲಿನ ಮೇಲಿದೆ.

ಮರುದಿನ ಬೆಳಿಗ್ಗೆ ಹಾಲೇಶಣ್ಣ ವರದಿಯ ಪ್ರತಿ ಹಿಡಿದುಕೊಂಡು ನನ್ನ ಯಂತ್ರದ ಹತ್ತಿರ ಬಂದರು. ಅವರಿಗೂ ಒಂದು ಪ್ರತಿ ಕೊಟ್ಟು ರುಜು ಹಾಕಿಸಿಕೊಂಡಿದ್ದರು.

"ಇಂಗ್ಲಿಷಿನಾಗೈತೆ. ಕನ್ನಡದಾಗ ಓದವ್ವ."

ಓದಿದೆ. ಒಂದೊಂದು ಸಾಲನ್ನೂ ಕನ್ನಡ ಮಾಡಿ, ಏನೂ ಬಿಡದೆ. ಪ್ರಾರ್ಥನೆ ಎಂಬಲ್ಲಿಗೆ ಬಂದಾಗ ನಿಲ್ಲಿಸಿದೆ. "ಓದು, ಓದು," ಎಂದರು. ಕೊನೆಯಲ್ಲಿ ನನ್ನ ಹೆಸರನ್ನೂ ಓದಿದೆ.

"ಇನ್ನೊಂದು ಸಲ ಓದ್ತೀಯೇನು?"

ಇನ್ನೊಂದು ಸಲ ಓದಿದೆ.

"ಅದರಾಗ ತೊಟ್ಟಿ ಅನ್ನೋ ಮಾತೇ ಬರ್ಲಿಲ್ಲಲ್ಲ," ಎಂದರು. ಅಷ್ಟೇ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡು ಪ್ಯಾಕಿಂಗ್ ಕಡೆ ಹೋದರು.

ಇಲ್ಲಿಗೆ ಮುಗಿದಿದ್ದರೆ ಇದು ಊರಲ್ಲೆಲ್ಲ ನಡೆಯುವ ಅನ್ಯಾಯಗಳಲ್ಲಿ ಒಂದಾಗಿ ಹೋಗುತ್ತಿತ್ತು. ಮೇ ಹತ್ತೊಂಬತ್ತು, ಭಾನುವಾರ, ಯಾರೂ ಇಲ್ಲದಾಗ ವೆಲ್ಡರುಗಳು ಮತ್ತೆ ಬಂದರು. ಸೋಮವಾರ ನಾವು ಹೋದಾಗ ತೊಟ್ಟಿ ಕುಲುಮೆಯ ಪಕ್ಕ, ತನ್ನ ಹಳೆಯ ಜಾಗದಲ್ಲಿ ಕೂತಿತ್ತು. ಹಳದಿ ಗೆರೆಯ ಆ ತುಂಡಿಗೆ ಹಸಿರು ಬಳಿದಿದ್ದರು. ಕುಲುಮೆಯ ಮುಂದೆ ಸಿದ್ದೇಶ ನಿಂತಿದ್ದ. ಮೂರು ಹೆಜ್ಜೆ, ಬುಟ್ಟಿ ನೀರಿಗೆ. ನಾನು ಅಂಚಿನಿಂದ ತೆಗೆದು ಅಳೆದೆ. ನೂರ ಮೂವತ್ತೊಂಬತ್ತು. ಆ ವಾರ ಹದಿಮೂರು ಬುಟ್ಟಿ, ತಿರಸ್ಕೃತ ಸೊನ್ನೆ. ಪುಣೆಗೆ ಇನ್ನೊಂದು ಪತ್ರ ಹೋಯಿತು: ಕೆಲಸಗಾರನನ್ನು ಬದಲಿಸಿದ ಮೇಲೆ ದೋಷ ಪೂರ್ಣವಾಗಿ ನಿಂತಿದೆ.

ಸುಳ್ಳಿಗೆ ಪುರಾವೆ ಒದಗಿಸಿದ್ದು ಹೀಗೆ. ತೊಟ್ಟಿಯನ್ನು ಹಾಗೇ ಬಿಟ್ಟಿದ್ದರೆ ಸಿದ್ದೇಶನ ಮಾಲೂ ಕೆಡುತ್ತಿತ್ತು, ಹಾಲೇಶಣ್ಣನ ಹೆಸರು ತಾನೇ ತೊಳೆದುಹೋಗುತ್ತಿತ್ತು. ತಪ್ಪನ್ನು ಸರಿ ಮಾಡಿದ್ದಕ್ಕೇ ನಿರಪರಾಧಿ ಅಪರಾಧಿಯಾದ. ಸಿದ್ದೇಶನೇ ಒಂದು ದಿನ ಟೀ ಕುಡಿಯುತ್ತಾ, "ಅಕ್ಕ, ನಾನೇನೂ ಹೊಸದು ಮಾಡಿಲ್ಲ. ಅಣ್ಣ ಮಾಡ್ತಿದ್ದಂಗೇ ಮಾಡ್ತೀನಿ. ಬಾಯಿ ಮಾತ್ರ ಮುಚ್ಕೊಂಡಿರ್ತೀನಿ," ಎಂದ.

ಜೂನ್ ಮೂರರಿಂದ ಹಾಲೇಶಣ್ಣ ಬರಲಿಲ್ಲ. ಮಳೆ ಅದೇ ವಾರ ಹಿಡಿಯಿತು. ಆಗಸ್ಟಿನಲ್ಲಿ ನಾನೂ ಬಿಟ್ಟು ದಾವಣಗೆರೆಯಲ್ಲೇ ಬೇರೆ ಕೆಲಸಕ್ಕೆ ಸೇರಿದೆ.

ಕಲಾಯಿಯವನು ಎದ್ದು ಹೋದ ಆ ಭಾನುವಾರದ ಸಂಜೆ, ಮರುದಿನ ಸಂಜೆ, ಎರಡು ಸಂಜೆ ಕೂತು ನಾನು ಒಂದು ಹೊಸ ವರದಿ ಬರೆದೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ತೊಟ್ಟಿ ಸರಿಸಿದ ದಿನ, ಸೆಕೆಂಡುಗಳು, ನಲವತ್ತೆಂಟು ಟಿಪ್‌ಗಳ ಜಾಗ, ಡ್ರಮ್ಮಿನ ಪರೀಕ್ಷೆ, ತೊಟ್ಟಿ ಮರಳಿದ ದಿನ. ನಡುವಿನಿಂದಲೇ ಟಿಪ್ ತೆಗೆದು ಅಳೆದ ನನ್ನ ತಪ್ಪು. ಕೆಳಗೆ ರುಜು. ಮುಂದಿನ ಭಾನುವಾರ ಭಾನುವಳ್ಳಿಗೆ ಹೋದೆ.

ಹಾಲೇಶಣ್ಣ ಗೊಬ್ಬರದ ಅಂಗಡಿಯೊಂದರ ಮುಂದೆ ಚೀಲ ಜೋಡಿಸುತ್ತಿದ್ದರು. ಗುರುತು ಹಿಡಿದರು. "ಕೂಡವ್ವ," ಎಂದು ಚೀಲವೊಂದನ್ನು ಕೊಡವಿದರು. ಹರಿಹರದಲ್ಲೇ ಇನ್ನೆರಡು ಕಡೆ ಕುಲುಮೆಯ ಕೆಲಸ ಕೇಳಿದ್ದರಂತೆ. "'ಜಪ ಮಾಡ್ಕೊಂಡು ಮಾಲು ಕೆಡಿಸಿದ ಹಾಲೇಶಪ್ಪ ನೀನೇ ಏನಪ್ಪ' ಅಂತ ನಕ್ಕೊಂಡು ಕಳಿಸಿದ್ರು. ಮೂರನೇ ಕಡೆ ಹೋಗ್ಲಿಲ್ಲ. ಭಟ್ಟಿ ಮುಂದೆ ನಿಂತೋನಿಗೆ ಈ ಚೀಲ ಹೊರೋದು ಏನೂ ಅಲ್ಲ ಬಿಡು. ಕೈಗೆ ಏನೋ ಮರೆತಂಗ ಆಗ್ತೈತಿ, ಅಷ್ಟ."

ಕಾಗದ ಕೊಟ್ಟೆ. ಕನ್ನಡದ್ದನ್ನು ಅವರೇ ಓದಿದರು, ಬೆರಳಿಟ್ಟುಕೊಂಡು, ನಿಧಾನವಾಗಿ. ಮುಗಿಸಿ ನನ್ನ ಕೈಗೇ ಮರಳಿಸಿದರು.

"ಇದು ನಿಮಗಣ್ಣ. ಇಟ್ಕೊಳ್ರಿ."

"ನನಗ್ಯಾಕ? ತೊಟ್ಟಿ ಎಲ್ಲಿತ್ತು ಅಂತ ನನಗ ಗೊತ್ತಿಲ್ಲೇನು? ಗೊತ್ತಿಲ್ಲದೋರಿಗೆ ಕೊಡು."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಾಚಿಕೆಯಾಯಿತು. ನನ್ನ ಮನಸ್ಸಿಗೆ ಸಮಾಧಾನವಾಗಲೆಂದು, ಕೊಟ್ಟರೆ ಯಾವ ಅಪಾಯವೂ ಇಲ್ಲದವರ ಕೈಗೆ ಕೊಡಲು ಹೋಗಿದ್ದೆ.

ಗುರುವಾರ ಅರ್ಧ ದಿನ ರಜೆ ಹಾಕಿ ಹರಿಹರದ ಆ ಆಫೀಸಿಗೆ ಹೋದೆ. ಪ್ರಶಾಂತ್ ಸರ್ ಈಗಲೂ ಅಲ್ಲೇ, ದೊಡ್ಡ ಮೇಜು. "ಏನಮ್ಮ ಚೈತ್ರಾ, ಮದುವೆ ಕಾರ್ಡಾ?" ಎಂದು ಕೈ ಚಾಚಿದರು. ಮೇಲಿನ ನಾಲ್ಕು ಸಾಲಿನ ಮೇಲೆ ಕಣ್ಣಾಡಿಸಿ ಕಾಗದವನ್ನು ಪಕ್ಕಕ್ಕಿಟ್ಟರು.

"ಎರಡು ವರ್ಷ ಆತು. ಆ ಫೈಲು ಕ್ಲೋಸ್ ಆಗೈತಮ್ಮ."

"ತೆಗೀರಿ ಸರ್. ಅದರಾಗೆ ನನ್ನ ರುಜು ಇರೋ ಸುಳ್ಳು ಒಂದೈತೆ. ಇದನ್ನೂ ಅದರ ಹಿಂದೆ ಹಾಕ್ರಿ."

"ಹಾಕಿದ್ರೆ ಏನ್ ಬಂತು? ಹಾಲೇಶಪ್ಪ ವಾಪಸ್ ಬರ್ತಾನಾ?"

"ಕರೆದ್ರೆ ಬರಬಹುದು ಸರ್. ಮೊದಲು ಅವರ ತಪ್ಪಲ್ಲ ಅಂತ ಬರೀರಿ. ನೀವು ಬರೆದ್ರೆ ಬೇರೆ ಕಡೆಯವರೂ ನಂಬ್ತಾರೆ."

ಅವರು ಕುರ್ಚಿಗೊರಗಿ ನಕ್ಕರು. "ನೀನು ಇನ್ನೂ ಹುಡುಗಿ. ಇದನ್ನ ಪುಣೆಯವರು ಏನಾದ್ರೂ ನೋಡಿದ್ರೆ ಏನಾಗುತ್ತೆ, ಅಂದಾಜು ಐತಾ ನಿನಗೆ?"

"ಶನಿವಾರದೊಳಗೆ ಗೊತ್ತಾಗುತ್ತೆ ಸರ್. ಇಂಗ್ಲಿಷಿನದ್ದನ್ನ ಮಂಗಳವಾರವೇ ಪುಣೆಗೆ ಸ್ಪೀಡ್ ಪೋಸ್ಟ್ ಮಾಡೀನಿ."

ಅದೇ ಕಾಗದದ ಜೆರಾಕ್ಸ್ ಪ್ರತಿಯನ್ನು ಅವರ ಮುಂದಿಟ್ಟು, ತಲುಪಿದೆ ಎಂದು ದಿನಾಂಕ ಹಾಕಿ ರುಜು ಮಾಡಿಕೊಡಿ ಎಂದೆ. ಅವರು ಪೆನ್ನು ಮುಟ್ಟಲಿಲ್ಲ. ಪಕ್ಕಕ್ಕಿಟ್ಟಿದ್ದ ಕಾಗದವನ್ನು ಎಳೆದುಕೊಂಡು, ಈ ಸಲ ಮೊದಲ ಸಾಲಿನಿಂದ ಓದತೊಡಗಿದರು.